ರೊನಾಲ್ಡ್ ರಾಸನೂ ಬೆಂಗಳೂರಿನ ದಂಡೂ

ಸಂಶೋಧಕನ ಹಿರಿಮೆಯನ್ನು ಅವನ ಲೇಖನಗಳ ಸಂಖ್ಯೆಯಿಂದಲೂ, ಅವುಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರೆಂಬುದರಿಂದಲೂ ಅಳೆಯುವ ಪದ್ಧತಿಯು ಈಗ ರೂಢವಾಗಿದೆ. ಈ ಅಳತೆಯ ಮಿತಿಯನ್ನು ಅರಿಯಲು ರೊನಾಲ್ಡ್ ರಾಸನ ಚರಿತ್ರೆಯು ತಕ್ಕ ನಿದರ್ಶನವಾಗಿದೆ.

ರಾಸನು 1883ರಲ್ಲಿ ಬೆಂಗಳೂರು ದಂಡಿನ ಹಂಗಾಮಿ ಸೇನಾವೈದ್ಯನಾಗಿ ಬಂದನು. ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಗಳು ಹುಟ್ಟುತ್ತಿದ್ದುದನ್ನು ಕಂಡು ಅದನ್ನು ಬರಿದುಮಾಡಲು, ಅವುಗಳ ಕಾಟವು ತಗ್ಗಿತು. ಈ ಸಂಗತಿಯು ನಮಗೆ ದೊರೆಯುವುದು 1923ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ. ಸೊಳ್ಳೆಗೂ ಮಲೇರಿಯಕ್ಕೂ ಸಂಬಂಧವುಂಟೆಂಬ ಊಹೆಯನ್ನು ಮ್ಯಾನ್ಸನನು ಅವನಿಗೆ ತಿಳಿಸಿದುದಾದರೋ 1894ರಲ್ಲಿ. ಆದುದರಿಂದ ಮಲೇರಿಯದ ಗುಟ್ಟು ಬೆಂಗಳೂರಿನಲ್ಲಿಯೇ ಹೊರಪಟ್ಟಿತೆಂಬುದು ಅಭಿಮಾನದ ಮಾತೇ ಹೊರತು ಇತಿಹಾಸವಲ್ಲ. 1895ರಲ್ಲಿ ಅವನು ಪುನಃ ಇಲ್ಲಿಗೆ ಬಂದುದು ಕಾಲರಾ ನಿವಾರಣೆಗಾಗಿ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯದ ಜೀವಾಣುವಿನ ವರ್ಣಕಣಗಳನ್ನು ರಾಸನು ಕಂಡನು. ಎರಡೇ ಸೊಳ್ಳೆಗಳನ್ನು ಆಧರಿಸಿದ ಅವನ ಕಿರುಲೇಖನವು ಡಿಸೆಂಬರ್ 18ರಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯವು ಸೊಳ್ಳೆಯಿಂದ ಹರಡುವುದನ್ನು ಅವನು ಸಿದ್ಧಪಡಿಸಿದನು. ಅದೇ ವರ್ಷ ಇಟಲಿಯ ಗ್ರಾಸ್ಸಿಯೂ ಸಂಗಡಿಗರೂ ಮನುಷ್ಯರ ಮಲೇರಿಯವನ್ನು ಅನಾಫಿಲಿಸ್ ಸೊಳ್ಳೆಯು ಹರಡುವುದೆಂದು ತೋರಿಸಿದರು. ನೊಬೆಲ್ ಪಾರಿತೋಷಕವು 1902ರಲ್ಲಿ ರಾಸನೊಬ್ಬನಿಗೇ ಸಂದಿತು. ಮೊದಲು ಕಂಡವರಾರೆಂದು ಇವರಿಬ್ಬರಲ್ಲಿ ಕಹಿಯಾದ ವಿವಾದವೆದ್ದಾಗ, ಅಚ್ಚಾದ ಲೇಖನಗಳ ತಾರೀಖುಗಳೇ ಮುಖ್ಯ ಸಾಕ್ಷಿಗಳಾದುವು.

ಉಲ್ಲೇಖಗಳ ಎಣಿಕೆಯು ಲೇಖನವೊಂದು ಎಷ್ಟು ಬಳಕೆಯಾಯಿತೆಂಬುದನ್ನು ಹೇಳುತ್ತದೆ. ತಾರೀಖು ಯಾರು ಮೊದಲು ಬರೆದರೆಂಬುದನ್ನು ಹೇಳುತ್ತದೆ. ದಂಡಿನ ಆ ತೊಟ್ಟಿಯು ಇವೆರಡರಲ್ಲಿಯೂ ಕಾಣದು. ಆದರೂ ನಿಂತ ನೀರನ್ನು ಹೊರಡಿಸಬೇಕೆಂದು ಮುಂದೆ ಜೀವಮಾನವೆಲ್ಲ ರಾಸನು ಸಾರಿದ ಮಲೇರಿಯ ನಿವಾರಣೋಪಾಯಕ್ಕೆ ಮೊದಲ ಪಾಠವು ಅದೇ ಎನ್ನಲಡ್ಡಿಯಿಲ್ಲ. ಬೆಂಗಳೂರಿಗೆ ನ್ಯಾಯವಾಗಿ ಸಲ್ಲತಕ್ಕ ಪಾಲು ಇಷ್ಟು. ಇದು ಅಲ್ಪವೇನೂ ಅಲ್ಲ.