ಮರಳುಗಡಲಿಗಿಳಿದ ಹಳೆಯ ಫೋರ್ಡ್



ಘಾಟಿ ರಸ್ತೆಯನ್ನು ಏರುತ್ತಿದ್ದ ಭಾರದ ಲಾರಿಯೊಂದು ತಿರುವಿನಲ್ಲಿ ನಿಂತುಬಿಟ್ಟಿರುವುದನ್ನು ನೀವು ಕಂಡಿರಬಹುದು. ಬಾನೆಟ್ ತೆರೆದಿದೆ. ರೇಡಿಯೇಟರಿನಿಂದ ಬುಸ್ಸೆಂದು ಆವಿ ಏಳುತ್ತಿದೆ. ಕ್ಲೀನರ್ ಕೊಡ ಹಿಡಿದು ಪಕ್ಕದ ಝರಿಯ ಕಡೆಗೆ ಓಡುತ್ತಾನೆ. ನೀರು ತುಂಬಿದ ಮೇಲೆ ಲಾರಿ ಮತ್ತೆ ಹೊರಡುತ್ತದೆ. ಆದರೆ ಆ ಝರಿ ಐನೂರು ಕಿಲೋಮೀಟರ್ ದೂರದಲ್ಲಿದ್ದರೆ? ನಡುವೆ ಒಂದು ಮರವಾಗಲಿ, ಮನೆಯಾಗಲಿ, ಬೇರೊಂದು ಗಾಡಿಯಾಗಲಿ ಇಲ್ಲದಿದ್ದರೆ? ಕುಡಿಯಲೆಂದು ತಂದ ನೀರನ್ನೇ ರೇಡಿಯೇಟರಿಗೆ ಸುರಿಯಬೇಕಾಗಿ ಬಂದರೆ?

1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದ ಕೆಲವರು ಇದೇ ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಂಡರು. ಅವರ ಬಳಿ ಮರುಭೂಮಿಗೆಂದು ತಯಾರಾದ ವಾಹನ ಇರಲಿಲ್ಲ. ಪೇಟೆಯಲ್ಲಿ ಎಲ್ಲರೂ ಕೊಳ್ಳುವ ಅಗ್ಗದ ಫೋರ್ಡ್ ಮೋಟಾರು ಇತ್ತು. ಅದನ್ನೇ ಬಿಚ್ಚಿ, ಕಳಚಿ, ಸೇರಿಸಿ, ಭೂಪಟದಲ್ಲಿ ಖಾಲಿ ಇದ್ದ ಪ್ರದೇಶಕ್ಕೆ ಹೇಗೆ ಒಯ್ದರು ಎಂಬುದನ್ನು ಈಗ ನೋಡೋಣ.

ಒಂಟೆಗೂ ಎಟುಕದ ನೆಲ

ಸಹಾರದ ಪೂರ್ವ ಭಾಗಕ್ಕೆ ಲಿಬಿಯನ್ ಮರುಭೂಮಿ ಎಂದು ಹೆಸರು. ಅದು ಈಜಿಪ್ಟ್, ಲಿಬಿಯ ಮತ್ತು ಸುಡಾನ್ ದೇಶಗಳಲ್ಲಿ ಹರಡಿದೆ. ವಿಸ್ತೀರ್ಣ ಹತ್ತು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಅಂದರೆ ನಮ್ಮ ಕರ್ನಾಟಕದ ಐದು ಪಟ್ಟಿಗೂ ಮಿಗಿಲು. ಇದರೊಳಗೆ ಮಹಾ ಮರಳುಗಡಲು ಎಂಬ ಭಾಗವಿದೆ. ಅಲ್ಲಿ ಮರಳಿನ ದಿಬ್ಬಗಳು ನೂರು ಮೀಟರಿನಷ್ಟು ಎತ್ತರಕ್ಕೆ ಏಳುತ್ತವೆ. ಉತ್ತರ ದಕ್ಷಿಣವಾಗಿ, ಅಲೆಯ ಹಿಂದೆ ಅಲೆಯಂತೆ, ನೂರಾರು ಕಿಲೋಮೀಟರ್ ಉದ್ದಕ್ಕೆ ಸಾಲುಗಟ್ಟಿ ನಿಂತಿವೆ.

1874ರಲ್ಲಿ ಜರ್ಮನಿಯ ಗೆರ್ಹಾರ್ಡ್ ರೋಲ್ಫ್ಸ್ ಎಂಬ ಯಾತ್ರಿಕ ದಾಖ್ಲಾ ಓಯಸಿಸಿನಿಂದ ಪಶ್ಚಿಮಕ್ಕೆ ಹೊರಟ. ಕಬ್ಬಿಣದ ಪೆಟ್ಟಿಗೆಗಳಲ್ಲಿ ನೀರು ತುಂಬಿ ಒಂಟೆಗಳ ಮೇಲೆ ಹೇರಿಕೊಂಡಿದ್ದ. ಆದರೂ ದಿಬ್ಬಗಳ ಸಾಲುಗಳನ್ನು ಅಡ್ಡಲಾಗಿ ದಾಟಲು ಆಗಲಿಲ್ಲ. ಕೊನೆಗೆ ಸಾಲುಗಳ ನಡುವಿನ ಓಣಿಯನ್ನೇ ಹಿಡಿದು ಉತ್ತರದ ಸೀವಾ ಓಯಸಿಸನ್ನು ಸೇರಿದ. 1923ರಲ್ಲಿ ಈಜಿಪ್ಟಿನವರೇ ಆದ ಅಹಮದ್ ಹಸನೈನ್ ಒಂಟೆಗಳ ಮೇಲೆ ಪ್ರಯಾಣ ಮಾಡಿ ಆರ್ಕೆನು ಮತ್ತು ಉವೈನಾತ್ ಬೆಟ್ಟಗಳನ್ನು ಭೂಪಟಕ್ಕೆ ಸೇರಿಸಿದರು. ಉವೈನಾತಿನಲ್ಲಿ ಜನ ಅದಾಗಲೇ ವಾಸವಾಗಿದ್ದರು ಎಂಬುದನ್ನು ನಾವು ಮರೆಯಬಾರದು. ಭೂಪಟ ಖಾಲಿ ಎಂದ ಮಾತ್ರಕ್ಕೆ ನೆಲ ಖಾಲಿ ಎಂದಲ್ಲ.

ಒಂಟೆ ಬಹಳ ತಾಳ್ಮೆಯ ಪ್ರಾಣಿ. ಆದರೆ ಅದಕ್ಕೂ ಬಾವಿ ಬೇಕು, ಮೇವು ಬೇಕು. ದಿನಕ್ಕೆ ಅದು ನಡೆಯುವುದು ಕೆಲವು ಹತ್ತಾರು ಕಿಲೋಮೀಟರ್ ಮಾತ್ರ. ಬಾವಿಯಿಂದ ಬಾವಿಗೆ ಇರುವ ದೂರವೇ ಅದರ ಮಿತಿ.

ಪೇಟೆಯ ಮೋಟಾರು

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಲಘು ಕಾರು ದಳಗಳು ಈಜಿಪ್ಟಿನ ಪಶ್ಚಿಮ ಗಡಿಯನ್ನು ಮಾಡೆಲ್ ಟಿ ಫೋರ್ಡ್‌ಗಳಲ್ಲಿ ಕಾಯುತ್ತಿದ್ದವು. 1908ರಲ್ಲಿ ಹೊರಬಂದ ಈ ಮೋಟಾರಿನ ಶಕ್ತಿ ಕೇವಲ 20 ಅಶ್ವಶಕ್ತಿ. ಆದರೆ ಅದು ಹಗುರ, ನೆಲದಿಂದ ಎತ್ತರ, ರಿಪೇರಿಗೆ ಸುಲಭ. ಯುದ್ಧ ಮುಗಿದ ಮೇಲೆ ಆ ದಳಗಳ ಅನುಭವ ಬಹುಮಟ್ಟಿಗೆ ಮರೆತುಹೋಯಿತು.

1926ರಲ್ಲಿ ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಸೈನ್ಯದ ಎಂಜಿನಿಯರ್ ಈಜಿಪ್ಟಿಗೆ ವರ್ಗವಾಗಿ ಬಂದರು. ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಮಾಡೆಲ್ ಟಿ ಮೋಟಾರುಗಳಲ್ಲಿ ಸಿನಾಯ್ ಕಡೆಗೆ, ಸೀವಾ ಕಡೆಗೆ ಹೊರಟರು. ಮುಂದೆ 1929, 1930 ಮತ್ತು 1932ರಲ್ಲಿ ಮಾಡೆಲ್ ಎ ಫೋರ್ಡ್‌ಗಳನ್ನು ತೆಗೆದುಕೊಂಡು ಮಹಾ ಮರಳುಗಡಲಿನೊಳಕ್ಕೂ ಉವೈನಾತಿನಾಚೆಗೂ ಹೋದರು. 1932ರ ಪ್ರಯಾಣವೊಂದೇ ಸುಮಾರು 6,000 ಮೈಲಿಯಷ್ಟಿತ್ತು.

ಮೊದಲ ಕೆಲಸ: ಕಳಚುವುದು

ದೂರದ ಪ್ರಯಾಣಕ್ಕೆ ಮೋಟಾರನ್ನು ಸಿದ್ಧಪಡಿಸುವುದೆಂದರೆ ಅದಕ್ಕೆ ಏನೇನೋ ಸೇರಿಸುವುದು ಎಂದು ನೀವು ಭಾವಿಸಬಹುದು. ಇವರು ಮೊದಲು ಮಾಡಿದ್ದು ತೆಗೆದುಹಾಕುವ ಕೆಲಸ. ಕಾರಿನ ಅಂದದ ಮೈಯನ್ನು ಕಳಚಿ, ಆ ಜಾಗದಲ್ಲಿ ಸರಕು ಹೇರಲು ಮರದ ಸಾದಾ ಪೆಟ್ಟಿಗೆಯನ್ನು ಕೂರಿಸಿದರು. ಗಾಳಿ ಆಡಲೆಂದು ಎಂಜಿನ್ನಿನ ಮುಚ್ಚಳವನ್ನು ತೆಗೆದರು.

ಕಾರಣ ಸರಳವಾದ ಲೆಕ್ಕ. ದಾರಿಯಲ್ಲಿ ಪೆಟ್ರೋಲ್ ಸಿಗುವುದಿಲ್ಲ, ಎಲ್ಲವನ್ನೂ ಹೊತ್ತೊಯ್ಯಬೇಕು. ಭಾರ ಹೆಚ್ಚಿದಷ್ಟೂ ಚಕ್ರ ಮರಳಿನಲ್ಲಿ ಹೂಳುತ್ತದೆ. ಹೂತ ಚಕ್ರ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಹೆಚ್ಚು ಪೆಟ್ರೋಲ್ ಎಂದರೆ ಮತ್ತೆ ಹೆಚ್ಚು ಭಾರ. ಆದ್ದರಿಂದ ಬೇಡದ ಒಂದು ಕಿಲೋ ಕಬ್ಬಿಣವನ್ನು ಇಳಿಸಿದರೆ ಬೇಕಾದ ಒಂದು ಕಿಲೋ ನೀರನ್ನು ಹೇರಬಹುದು. ಬಾಗಿಲು, ಮುಚ್ಚಳಗಳ ಬೆಲೆಯನ್ನು ಅವರು ನೀರಿನಲ್ಲಿ ಅಳೆದರು.

ಆವಿಯನ್ನು ಹಿಡಿದ ಡಬ್ಬ

ಇನ್ನು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಮೆತ್ತನೆಯ ಮರಳಿನಲ್ಲಿ ಗಾಡಿ ನಿಧಾನವಾಗಿ ಓಡುತ್ತದೆ, ಎಂಜಿನ್ ಮಾತ್ರ ಪೂರ್ಣ ಶಕ್ತಿಯಿಂದ ದುಡಿಯುತ್ತದೆ. ಬೆನ್ನ ಹಿಂದಿನಿಂದ ಬಿಸಿಗಾಳಿ ಬೀಸುತ್ತಿದ್ದರಂತೂ ರೇಡಿಯೇಟರ್ ಕುದಿಯಲೇಬೇಕು. ಆವಿ ಹೊರಗೆ ಹೋದಂತೆಲ್ಲ ನೀರು ನಷ್ಟ.

ಇದಕ್ಕೆ ಅವರು ಬಳಸಿದ ಉಪಾಯ ಲಘು ಕಾರು ದಳಗಳ ಕಾಲದಲ್ಲೇ ಬಳಕೆಯಲ್ಲಿತ್ತು. ರೇಡಿಯೇಟರಿನ ಬಿರಡೆಯನ್ನು ಗಾಳಿಯಾಡದಂತೆ ಬಿಗಿದರು. ಆವಿ ಹೊರಹೋಗುವ ಕೊಳವೆಯನ್ನು ಉದ್ದ ಮಾಡಿ, ಪಕ್ಕದ ಮೆಟ್ಟಿಲ ಮೇಲೆ ಕಟ್ಟಿದ ಒಂದು ಡಬ್ಬದ ತಳದವರೆಗೆ ಇಳಿಸಿದರು. ಡಬ್ಬದಲ್ಲಿ ಅರ್ಧದಷ್ಟು ತಣ್ಣೀರು. ರೇಡಿಯೇಟರ್ ಕುದಿದಾಗ ಆವಿ ಆ ನೀರಿನೊಳಕ್ಕೆ ಹೋಗಿ ತಣಿದು ನೀರಾಗುತ್ತದೆ. ಆವಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಹಾಗಾಗಿ ಡಬ್ಬದ ನೀರೂ ಕ್ರಮೇಣ ಬಿಸಿಯಾಗಿ ಕುದಿಯತೊಡಗುತ್ತದೆ. ಅದೇ ಚಾಲಕನಿಗೆ ಸೂಚನೆ.

ಆಗ ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಬೇಕು. ಸ್ವಲ್ಪ ಹೊತ್ತಿನಲ್ಲಿ ರೇಡಿಯೇಟರಿನೊಳಗಿನ ಆವಿ ತಣಿದು ಸಂಕುಚಿಸುತ್ತದೆ. ಒಳಗೆ ಒತ್ತಡ ಇಳಿಯುತ್ತದೆ. ಹೊರಗಿನ ವಾಯುಮಂಡಲದ ಒತ್ತಡವು ಡಬ್ಬದ ನೀರನ್ನು ಕೊಳವೆಯ ಮೂಲಕ ಮತ್ತೆ ರೇಡಿಯೇಟರಿಗೆ ತಳ್ಳುತ್ತದೆ. ಪಂಪು ಬೇಡ, ಕೊಡ ಬೇಡ. ಆದರೆ ಒಂದು ಕೀಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳನುಗ್ಗಿ ಇಡೀ ಉಪಾಯ ಕೆಡುತ್ತದೆ. ಈ ಅಗ್ಗದ ಡಬ್ಬ ಮಾಡಿದ ಉಪಕಾರ ಏನೆಂದರೆ, ಮನುಷ್ಯನ ಪಾಲಿನ ನೀರಿಗೆ ಎಂಜಿನ್ ಕೈಚಾಚದಂತೆ ತಡೆದದ್ದು.

ಹೂತ ಚಕ್ರವನ್ನು ಎತ್ತುವ ಬಗೆ

ಮರಳಿನಲ್ಲಿ ಹೋಗಲು ಅವರು ಅಗಲವಾದ ಟೈರುಗಳನ್ನು ಹಾಕಿ, ಗಾಳಿಯ ಒತ್ತಡವನ್ನು ಇಳಿಸಿದರು. ಟೈರು ಚಪ್ಪಟೆಯಾದರೆ ನೆಲಕ್ಕೆ ತಾಗುವ ಜಾಗ ಹೆಚ್ಚಾಗುತ್ತದೆ, ಭಾರ ಹಂಚಿಹೋಗುತ್ತದೆ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕೇ ಅಲ್ಲವೇ?

ಆದರೂ ಗಾಡಿ ಹೂತೇ ಹೂಳುತ್ತಿತ್ತು. ಅದಕ್ಕೆ ಪರಿಹಾರ ಸಿಕ್ಕಿದ್ದು ಕೈರೋದ ಹಳೆ ಸಾಮಾನಿನ ಅಂಗಡಿಯಲ್ಲಿ. ಮಹಾಯುದ್ಧದಲ್ಲಿ ನೆಲದಡಿಯ ಅಡಗುದಾಣಗಳ ಮಾಡಿಗೆ ಬಳಸುತ್ತಿದ್ದ ಉಕ್ಕಿನ ದೋಣಿಯಾಕಾರದ ಪಟ್ಟಿಗಳು ಅಲ್ಲಿ ಬಿದ್ದಿದ್ದವು. ಹೂತ ಚಕ್ರದ ಮುಂದೆ ಮರಳನ್ನು ಬಗೆದು ಆ ಪಟ್ಟಿಯನ್ನು ತುರುಕಿದರೆ ಚಕ್ರಕ್ಕೆ ಗಟ್ಟಿ ನೆಲ ಸಿಕ್ಕಂತಾಗಿ ಗಾಡಿ ಮೇಲೇಳುತ್ತಿತ್ತು. ಇಂದಿಗೂ ಮರುಭೂಮಿಗೆ ಹೋಗುವ ಜೀಪುಗಳ ಪಕ್ಕದಲ್ಲಿ ಕಟ್ಟಿರುವ ತೂತುಗಳ ಪಟ್ಟಿಗಳು ಇದೇ ಸಂತತಿಗೆ ಸೇರಿದವು.

ಉಪಕರಣದಷ್ಟೇ ಮುಖ್ಯವಾದದ್ದು ನೆಲವನ್ನು ಓದುವ ಜಾಣ್ಮೆ. ಗಾಳಿ ಬಡಿದು ಬಿಗಿಯಾದ ಮರಳು ಯಾವುದು, ಕಾಲಿಟ್ಟರೆ ಕುಸಿಯುವ ಮರಳು ಯಾವುದು ಎಂಬುದನ್ನು ಅವರು ಕಲಿತರು. ಎತ್ತರದ ದಿಬ್ಬಕ್ಕೆ ಹೆದರಿ ನಿಧಾನಿಸಿದರೆ ಗಾಡಿ ಹೂಳುತ್ತದೆ. ಗಟ್ಟಿ ಇಳಿಜಾರನ್ನು ಆರಿಸಿ ವೇಗವಾಗಿ ನೇರ ನುಗ್ಗಿದರೆ ಮೇಲೇರುತ್ತದೆ. ಆದರೆ ನೆತ್ತಿಯ ಆಚೆ ಕಡಿದಾದ ಇಳಿಜಾರು ಇರಬಹುದು. ಅದನ್ನು ನೋಡದೆ ಹಾರಿದರೆ ಅಪಾಯ ಖಂಡಿತ.

ನೆರಳು ತೋರಿದ ದಾರಿ

ದಾರಿಯೇ ಇಲ್ಲದಲ್ಲಿ ದಿಕ್ಕು ತಿಳಿಯುವುದು ಹೇಗೆ? ಕಾಂತ ದಿಕ್ಸೂಚಿ ಇದೆಯಲ್ಲ ಎನ್ನುತ್ತೀರಿ. ಆದರೆ ಮೋಟಾರಿನ ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತದೆ. ಸರಿಯಾಗಿ ನೋಡಬೇಕಾದರೆ ಪ್ರತಿ ಸಲ ಗಾಡಿ ನಿಲ್ಲಿಸಿ ದೂರ ನಡೆಯಬೇಕು.

ಆದ್ದರಿಂದ ಬ್ಯಾಗ್ನೋಲ್ಡ್ ಸೂರ್ಯ ದಿಕ್ಸೂಚಿಯೊಂದನ್ನು ರೂಪಿಸಿ ಚಾಲಕನ ಮುಂದೆ ಕೂರಿಸಿದರು. 360 ಡಿಗ್ರಿಗಳನ್ನು ಗುರುತಿಸಿದ ಚಪ್ಪಟೆ ಬಿಲ್ಲೆ, ನಡುವೆ ನೆಟ್ಟಗೆ ನಿಂತ ಒಂದು ಸೂಜಿ. ಅಂದಿನ ದಿನಾಂಕ ಮತ್ತು ಹೊತ್ತಿಗೆ ಸೂರ್ಯ ಯಾವ ದಿಕ್ಕಿನಲ್ಲಿರುತ್ತಾನೆ ಎಂಬುದನ್ನು ಕೋಷ್ಟಕದಲ್ಲಿ ನೋಡಿ ಬಿಲ್ಲೆಯನ್ನು ಹೊಂದಿಸಬೇಕು. ಸೂಜಿಯ ನೆರಳು ಬೇಕಾದ ಗೆರೆಯ ಮೇಲೆ ಇರುವಂತೆ ಗಾಡಿ ಓಡಿಸಿದರೆ ದಿಕ್ಕು ತಪ್ಪದು. ಓಡಿದ ದೂರವನ್ನು ಮೈಲಿಮಾಪಕ ಹೇಳುತ್ತದೆ. ದಿಕ್ಕು ಮತ್ತು ದೂರ ಎರಡೂ ಸಿಕ್ಕರೆ ಕಾಗದದ ಮೇಲೆ ಜಾಗ ಗುರುತಿಸಬಹುದು. ರಾತ್ರಿ ನಕ್ಷತ್ರಗಳನ್ನು ಅಳೆದು ಆ ಗುರುತನ್ನು ತಿದ್ದಿಕೊಳ್ಳುತ್ತಿದ್ದರು.

ಇದಕ್ಕೂ ಒಂದು ಮಿತಿ ಇತ್ತು. ಬೇಸಿಗೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ನೆರಳೇ ಇಲ್ಲವಾಗುತ್ತದೆ. ಆ ಹೊತ್ತು ಗಾಡಿ ನಿಲ್ಲಿಸುವುದೇ ಸರಿ.

ಒಂದೇ ವಿದ್ಯೆ, ಎರಡು ಕೆಲಸ

1931ರ ಜನವರಿಯಲ್ಲಿ ಇಟಲಿಯ ಸೈನ್ಯ ಲಿಬಿಯದ ಕುಫ್ರಾ ಓಯಸಿಸನ್ನು ಹಿಡಿಯಿತು. ಅಲ್ಲಿನ ಜನ ಹೆಂಡತಿ ಮಕ್ಕಳೊಂದಿಗೆ ಮರುಭೂಮಿಗೆ ಓಡಿದರು. ಬಾಯಾರಿಕೆಯಿಂದ ಎಷ್ಟೋ ಜನ ದಾರಿಯಲ್ಲೇ ಸತ್ತರು. ಈಜಿಪ್ಟಿನ ಮರುಭೂಮಿ ಮೋಜಣಿ ಇಲಾಖೆಯ ಪ್ಯಾಟ್ ಕ್ಲೇಟನ್ ಆಗ ಮೋಟಾರುಗಳೊಂದಿಗೆ ಆ ಕಡೆ ಅಳತೆಯ ಕೆಲಸದಲ್ಲಿದ್ದರು. ಕೆಲಸ ಬಿಟ್ಟು, ಕಂಡ ನಿರಾಶ್ರಿತರನ್ನು ಮೋಟಾರುಗಳಲ್ಲಿ ಸಾಗಿಸಿ ಬದುಕಿಸಿದರು. ಭೂಪಟ ಬರೆಯಲು ಸಜ್ಜಾದ ಗಾಡಿಗಳು ಅಂದು ಪ್ರಾಣ ಉಳಿಸಿದವು.

ಅದೇ ವಿದ್ಯೆ ಯುದ್ಧಕ್ಕೂ ಹೋಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಜನರಲ್ ವೇವೆಲ್ ಅವರ ಒಪ್ಪಿಗೆ ಪಡೆದು ಬ್ಯಾಗ್ನೋಲ್ಡ್ ಕೆಲವೇ ವಾರಗಳಲ್ಲಿ ದೂರಗಾಮಿ ಮರುಭೂಮಿ ದಳವನ್ನು ಕಟ್ಟಿದರು. ಕ್ಲೇಟನ್ ಕೂಡ ಅದನ್ನು ಸೇರಿದರು. ಪೇಟೆಯ ಷೆವ್ರೊಲೆ ಲಾರಿಗಳ ಬಾಗಿಲು, ಮಾಡು ಕಳಚಿದರು, ಸ್ಪ್ರಿಂಗ್‌ಗಳನ್ನು ಬಲಪಡಿಸಿದರು, ಅದೇ ಡಬ್ಬ, ಅದೇ ಉಕ್ಕಿನ ಪಟ್ಟಿ, ಅದೇ ಸೂರ್ಯ ದಿಕ್ಸೂಚಿ. ಹೊಸದಾಗಿ ಸೇರಿದ್ದು ನಿಸ್ತಂತು ಯಂತ್ರ ಮತ್ತು ಬಂದೂಕು. ಮೊದಲ ತಂಡಗಳಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನವರು. ಮುಂದೆ ನಮ್ಮ ದೇಶದ ಅಶ್ವದಳಗಳ ಯೋಧರಿಂದ ಭಾರತೀಯ ದೂರಗಾಮಿ ತುಕಡಿಯೂ ರಚನೆಯಾಗಿ 1942ರಲ್ಲಿ ಅವರೊಂದಿಗೆ ದುಡಿಯಿತು. ಕುದುರೆಯ ಪರಂಪರೆಯವರು ನೆರಳನ್ನು ನೋಡಿ ಲಾರಿ ನಡೆಸಲು ಕಲಿತರು.

ಮರಳಿನಿಂದ ಮಂಗಳಕ್ಕೆ

ಬ್ಯಾಗ್ನೋಲ್ಡರಿಗೆ ಒಂದು ಪ್ರಶ್ನೆ ಉಳಿದೇ ಇತ್ತು. ಗಾಳಿ ಮರಳನ್ನು ಏಕೆ ಇಷ್ಟು ಕ್ರಮಬದ್ಧವಾದ ದಿಬ್ಬಗಳಾಗಿ ಜೋಡಿಸುತ್ತದೆ? 1930ರ ದಶಕದಲ್ಲಿ ಲಂಡನ್ನಿನಲ್ಲಿ ಗಾಳಿಸುರಂಗವೊಂದನ್ನು ಕಟ್ಟಿ ಪ್ರಯೋಗ ಮಾಡಿದರು. 1941ರಲ್ಲಿ ಪ್ರಕಟವಾದ ಅವರ ಗ್ರಂಥ ಈ ವಿಷಯದ ಅಡಿಪಾಯವಾಯಿತು. 1990ರಲ್ಲಿ ಅವರು ತೀರಿಕೊಂಡರು. ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ಎಂಬ ಯಂತ್ರವಾಹನ 2015ರ ಕೊನೆಯಲ್ಲಿ ಪರೀಕ್ಷಿಸಿದ ಮರಳುದಿಬ್ಬಗಳಿಗೆ ಬ್ಯಾಗ್ನೋಲ್ಡ್ ದಿಬ್ಬಗಳು ಎಂದೇ ಹೆಸರು. ಅಲ್ಲಿ ಹೂತರೆ ಪಟ್ಟಿ ತುರುಕುವವರು ಯಾರೂ ಇಲ್ಲ.

ಮಿತ್ರರೇ, ಈ ಕಥೆಯಲ್ಲಿ ದುಬಾರಿಯಾದ ವಸ್ತು ಯಾವುದೂ ಇಲ್ಲ. ಒಂದು ಡಬ್ಬ, ಗುಜರಿಯ ಪಟ್ಟಿ, ಒಂದು ಸೂಜಿ. ಆದರೆ ಹೊರಡುವ ಮೊದಲೇ ಅವರು ಒಂದೊಂದು ಭಾಗದ ಮುಂದೆ ನಿಂತು, ಇದು ಎಲ್ಲಿ ಕೈಕೊಡಬಹುದು ಎಂದು ಕೇಳಿದರು. ಉತ್ತರ ಸಿಗುವವರೆಗೆ ಗಾಡಿಯನ್ನು ಹೊರಡಿಸಲಿಲ್ಲ.

ನೀವೂ ಒಂದು ಪ್ರಯೋಗ ಮಾಡಿ ನೋಡಿ. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ಅದರ ನೆರಳಿನ ತುದಿಯನ್ನು ಗುರುತಿಸಿ. ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಆ ದಿನ ಕೋಲಿನ ನೆರಳು ಬುಡದಲ್ಲೇ ಅಡಗುವುದನ್ನು ಕಂಡಾಗ, ಉವೈನಾತಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಕಾದು ಕುಳಿತವರ ನೆನಪು ನಿಮಗಾಗಲಿ.