ಕ್ಯಾಮೆರಾ ಮೇಲಿನ ಚಿನ್ನದ ಸ್ಟಿಕ್ಕರ್: ಒಂದು ಮುದ್ರೆಯ ಹಿಂದಿನ ಚರಿತ್ರೆ

ಮನೆಯ ಬೀರುವಿನಲ್ಲೋ ಅಟ್ಟದ ಮೇಲೋ ಹಳೇ ರೀಲ್ ಕ್ಯಾಮೆರಾ ಇದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಅದು 1990ಕ್ಕೆ ಮುಂಚೆ ಜಪಾನಿನಲ್ಲಿ ತಯಾರಾದದ್ದಾದರೆ, ಯಾವುದೋ ಮೂಲೆಯಲ್ಲಿ ಮೊಟ್ಟೆಯಾಕಾರದ, ಚಿನ್ನದ ಬಣ್ಣದ ಪುಟ್ಟ ಸ್ಟಿಕ್ಕರ್ ಇರಬಹುದು. ಅದರ ಮೇಲೆ ಇಂಗ್ಲಿಷಿನಲ್ಲಿ 'ಪಾಸ್ಡ್' ಎಂದು ಬರೆದಿರುತ್ತದೆ. ಬಹಳ ಜನ ಅದನ್ನು ಕಂಪನಿಯವರ ಅಲಂಕಾರ ಅಂದುಕೊಂಡಿದ್ದಾರೆ. ಕೆಲವರು ಉಗುರಿನಿಂದ ಕೆರೆದು ತೆಗೆದದ್ದೂ ಉಂಟು. ಆದರೆ ಒಂದು ದೇಶದ ಸಾಮಾನಿಗೆ ಅಂಟಿದ್ದ ಕೆಟ್ಟ ಹೆಸರು ಹೋಗಿ ಒಳ್ಳೆಯ ಹೆಸರು ಬಂದ ಕಥೆ ಆ ಸ್ಟಿಕ್ಕರಿನಲ್ಲಿದೆ.

ಇವತ್ತು ನಾವು ಹೇಳಹೊರಟಿರುವುದು ಆ ಕಥೆಯನ್ನು. ಜೊತೆಗೆ, ಫಿಲ್ಮ್ ಕ್ಯಾಮೆರಾವೊಂದು ಕಾನೂನಿನ ಎಷ್ಟು ಬಾಗಿಲು ದಾಟಿ ನಮ್ಮ ಕೈಗೆ ಬರುತ್ತಿತ್ತು ಎಂಬುದನ್ನೂ.

'ಟಕ್' ಎಂಬ ಸದ್ದಿನ ಒಳಗೆ

ಮೊದಲು ಯಂತ್ರದ ವಿಚಾರ. ಎಸ್‌ಎಲ್‌ಆರ್ ಅಂದರೆ ಯಾವ ಲೆನ್ಸ್‌ನಿಂದ ಫೋಟೋ ತೆಗೆಯುತ್ತೇವೋ ಅದೇ ಲೆನ್ಸ್ ಮೂಲಕ ಕಣ್ಣಿಗೂ ಕಾಣುವ ಕ್ಯಾಮೆರಾ. ಲೆನ್ಸ್ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಒಳಗೆ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಮೇಲಿರುವ ಗಾಜಿನ ಪ್ರಿಸಂ ಆ ಚಿತ್ರವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಒಪ್ಪಿಸುತ್ತದೆ. ಗುಂಡಿ ಒತ್ತಿದ ಕೂಡಲೇ ಕನ್ನಡಿ ಮೇಲಕ್ಕೆ ಹಾರುತ್ತದೆ, ಶಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಕೆಳಗೆ ಬೀಳುತ್ತದೆ.

ನಮ್ಮ ತಾಲ್ಲೂಕು ಕೇಂದ್ರಗಳ ಹಳೇ ಸ್ಟುಡಿಯೋದವರನ್ನು ಕೇಳಿದರೆ ಪೆಂಟಾಕ್ಸ್ ಕೆ 1000 ಹೆಸರು ಬಾರದೇ ಇರುವುದಿಲ್ಲ. 1976ರಲ್ಲಿ ಬಂದು 1997ರವರೆಗೂ ತಯಾರಾದ ಕ್ಯಾಮೆರಾ ಅದು. ಶಟರ್ ಒಂದು ಸೆಕೆಂಡಿನಿಂದ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ. ಫ್ಲಾಶ್ ಹಾಕಿದರೆ 60ರ ಒಂದು ಭಾಗ. ಒಂದು ಬಟನ್ ಸೆಲ್ ಇದೆ, ಅದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಸೆಲ್ ಸತ್ತರೂ ಶಟರ್ ಹೊಡೆಯುತ್ತದೆ. ಮೀಟರಿಗೆ ಸ್ವಿಚ್ ಇಲ್ಲ, ಲೆನ್ಸ್‌ಗೆ ಮುಚ್ಚಳ ಹಾಕಿಟ್ಟರೆ ಸೆಲ್ ಉಳಿಯುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತು ನೆನಪಿಡಿ. ರೀಲ್ ತೊಳೆಸುವವರೆಗೆ ಫೋಟೋ ಹೇಗೆ ಬಂದಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಟರ್ 1000 ಎಂದು ಬರೆದ ಕಡೆ ನಿಜಕ್ಕೂ 500ರ ವೇಗದಲ್ಲಿ ಓಡಿದರೆ ಎರಡು ಪಟ್ಟು ಬೆಳಕು ಒಳಗೆ ಬೀಳುತ್ತದೆ. ಧಾರೆಯ ಹೊತ್ತಿನ 36 ಫೋಟೋಗಳೂ ಹಾಳಾಗಬಹುದು. ಮದುವೆಯನ್ನು ಮತ್ತೊಮ್ಮೆ ಮಾಡಿಸಲು ಆಗುತ್ತದೆಯೇ? ಹಾಗಾಗಿ ಕ್ಯಾಮೆರಾ ಕೊಳ್ಳುವವನು ದುಡ್ಡು ಕೊಡುತ್ತಿದ್ದುದು ನಂಬಿಕೆಗೆ.

ಹೆಸರು ಕೆಟ್ಟಿದ್ದ ಕಾಲ

ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ 1952ರ ಏಪ್ರಿಲ್‌ವರೆಗೆ ಅಮೆರಿಕ ಮುಂದಾಳತ್ವದ ಸೇನೆಯ ಹಿಡಿತದಲ್ಲಿತ್ತು. ಆ ದಿನಗಳಲ್ಲಿ ಅಲ್ಲಿಂದ ಹೊರಟ ಬಹಳಷ್ಟು ಸಾಮಾನಿನ ಮೇಲೆ 'ವಶದಲ್ಲಿರುವ ಜಪಾನಿನಲ್ಲಿ ತಯಾರಿಸಿದ್ದು' ಎಂಬ ಅರ್ಥದ ಮುದ್ರೆ ಇರುತ್ತಿತ್ತು. ಆಗಿನ ನಿಕಾನ್ ಕ್ಯಾಮೆರಾಗಳ ಮೇಲೂ ಅದನ್ನು ಕಾಣಬಹುದು. ಸೋತವನ ಸಾಮಾನು ಎಂದು ಹಣೆಗೆ ಬರೆದ ಹಾಗೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಜಪಾನಿನ ಮಾಲು ಅಂದರೆ ಅಗ್ಗದ್ದು, ಜರ್ಮನಿಯ ಕ್ಯಾಮೆರಾ ನೋಡಿ ನಕಲು ಹೊಡೆದದ್ದು ಎಂಬ ಮಾತು ಪೇಟೆಯಲ್ಲಿ ಬೇರೂರಿತ್ತು. 1950ರಲ್ಲಿ 'ಲೈಫ್' ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿ ನಿಕ್ಕೋರ್ ಲೆನ್ಸ್ ಹಾಕಿ ನೋಡಿದರು. ಬೆರಗಾಗಿ, ಅದೇ ಲೆನ್ಸ್ ಹಿಡಿದು ಕೊರಿಯಾ ಯುದ್ಧದ ಫೋಟೋ ತೆಗೆದರು. ಆ ವರ್ಷದ ಡಿಸೆಂಬರ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಈ ಲೆನ್ಸ್‌ಗಳ ಬಗ್ಗೆ ಬರೆಯಿತು. ಅಲ್ಲಿಂದ ಬೇಡಿಕೆ ಏರತೊಡಗಿತು.

ಬೇಡಿಕೆ ಬಂದಾಗ ಆಗುವುದೇನು ಎಂದು ನಮ್ಮ ಎಪಿಎಂಸಿ ನೋಡಿದವರಿಗೆ ಹೇಳಬೇಕಿಲ್ಲ. ಒಬ್ಬ ಕಲ್ಲು ಬೆರೆಸಿದ ಚೀಲ ಕಳಿಸಿದರೆ ಇಡೀ ಊರಿನ ಮಾಲಿಗೆ ದರ ಇಳಿಯುತ್ತದೆ. ನಾಲ್ಕು ಕಂಪನಿ ಒಳ್ಳೆಯ ಕ್ಯಾಮೆರಾ ಮಾಡಿದರೂ, ಐದನೆಯವನ ಶಟರ್ ಕಡಲು ದಾಟುವಷ್ಟರಲ್ಲಿ ಕೆಟ್ಟು ನಿಂತರೆ ಬೈಗುಳ ಎಲ್ಲರಿಗೂ.

ಅದಕ್ಕೆ ಜಪಾನ್ ಕಂಡುಕೊಂಡ ದಾರಿ ತಪಾಸಣೆ. 1954ರಲ್ಲಿ ಜಪಾನ್ ಕ್ಯಾಮೆರಾ ತಪಾಸಣಾ ಸಂಸ್ಥೆ ಹುಟ್ಟಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಜೆಸಿಐಐ ಅನ್ನುತ್ತಾರೆ. 1957ರಲ್ಲಿ ರಫ್ತು ತಪಾಸಣೆಗೆ ಕಾನೂನೇ ಬಂತು. ತಯಾರಿಸಿದ ಕಂಪನಿಗೆ ಸೇರದ ತಪಾಸಕರು ಮಾಲಿನಿಂದ ಮಾದರಿ ಎತ್ತಿ ಪರೀಕ್ಷೆ ಮಾಡಬೇಕು, ಪಾಸಾದ ಮಾಲಿಗೆ ಮಾತ್ರ ಹೊರದೇಶದ ದಾರಿ. ಆ ಪರೀಕ್ಷೆಯ ಗುರುತೇ ಚಿನ್ನದ ಸ್ಟಿಕ್ಕರ್.

ಅದೇ ವರ್ಷಗಳಲ್ಲಿ ಯಂತ್ರವೂ ಬೆಳೆಯಿತು. 1952ರಲ್ಲಿ ಅಸಾಹಿಫ್ಲೆಕ್ಸ್, ಜಪಾನಿನ ಮೊದಲ 35 ಮಿಲಿಮೀಟರ್ ಎಸ್‌ಎಲ್‌ಆರ್. 1954ರ ಮಾದರಿಯಲ್ಲಿ ಕನ್ನಡಿ ತಾನಾಗಿ ಕೆಳಗಿಳಿಯುವ ಏರ್ಪಾಡು. 1957ರಲ್ಲಿ ಪ್ರಿಸಂ ಇರುವ ಅಸಾಹಿ ಪೆಂಟಾಕ್ಸ್. 1959ರಲ್ಲಿ ನಿಕಾನ್ ಎಫ್. ಆಮೇಲೆ ಜಗತ್ತಿನ ಪತ್ರಿಕಾ ಛಾಯಾಗ್ರಾಹಕರ ಹೆಗಲಿಗೆ ಜಪಾನಿನ ಕ್ಯಾಮೆರಾಗಳೇ ಏರಿದವು. 1989ರ ಹೊತ್ತಿಗೆ ಕ್ಯಾಮೆರಾಗೆ ಈ ತಪಾಸಣೆ ಬೇಕಿಲ್ಲ ಎಂದು ನಿಲ್ಲಿಸಿದರು. ಅಷ್ಟರಲ್ಲಿ ಸ್ಟಿಕ್ಕರ್ ತನ್ನ ಕೆಲಸ ಮುಗಿಸಿತ್ತು.

ಪಾದರಸದ ಸೆಲ್

ಜೆಸಿಐಐ ನೋಡುತ್ತಿದ್ದುದು ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು. ಆದರೆ ಚೆನ್ನಾಗಿ ಕೆಲಸ ಮಾಡುವ ವಸ್ತುವೇ ಇನ್ನೊಂದು ಕಡೆ ಕೇಡು ಮಾಡಬಹುದು. ಬಟನ್ ಸೆಲ್ ಅದಕ್ಕೆ ಸಾಕ್ಷಿ.

1960 ಮತ್ತು 70ರ ದಶಕದ ಬಹಳಷ್ಟು ಎಸ್‌ಎಲ್‌ಆರ್‌ಗಳ ಮೀಟರಿಗೆ ಪಾದರಸದ ಸೆಲ್ ಹಾಕುತ್ತಿದ್ದರು. ಕ್ಯಾನನ್ ಎಫ್‌ಟಿಬಿ, ಒಲಿಂಪಸ್ ಓಎಂ-1 ಎರಡಕ್ಕೂ ಅದೇ. ಕಾರಣ ಸರಳ. ಪಾದರಸದ ಸೆಲ್ 1.35 ವೋಲ್ಟ್ ಕೊಡುತ್ತದೆ, ಮುಗಿಯುವ ತನಕ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ದಿನೇ ದಿನೇ ಇಳಿಯುತ್ತದೆ. ತಕ್ಕಡಿಗೆ ತೂಕದ ಕಲ್ಲು ಹೇಗೋ ಮೀಟರಿಗೆ ಈ ಸೆಲ್ ಹಾಗೆ. ಕಲ್ಲೇ ಸವೆಯುತ್ತಿದ್ದರೆ ತೂಕ ಎಲ್ಲಿಯದು?

ಪಾದರಸದ ವಿಷ ಏನು ಮಾಡುತ್ತದೆ ಎಂದು ಜಗತ್ತಿಗೆ ತೋರಿಸಿದ್ದೂ ಜಪಾನಿನ ಊರೇ. ಮಿನಮಾಟಾ ಎಂಬ ಕಡಲ ತೀರದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೀನು ತಿಂದವರ ಕೈಕಾಲು ನಡುಗತೊಡಗಿತು, ಮಾತು ತೊದಲಿತು, ಹೊಟ್ಟೆಯಲ್ಲಿದ್ದ ಮಕ್ಕಳಿಗೂ ವಿಷ ಏರಿತು. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಕಾರ್ಖಾನೆಯೇ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಹನ್ನೆರಡು ವರ್ಷ! ಆ ವಿಷ ಕ್ಯಾಮೆರಾ ಸೆಲ್‌ನಿಂದ ಬಂದದ್ದಲ್ಲ ನಿಜ. ಆದರೆ ಕಸದ ಗುಂಡಿಗೆ ಬಿದ್ದ ಸೆಲ್‌ನ ಪಾದರಸವೂ ಕೊನೆಗೆ ಮಣ್ಣಿಗೆ, ನೀರಿಗೆ ಸೇರುವಂಥದ್ದೇ.

ಅಮೆರಿಕ 1996ರಲ್ಲಿ ಕಾನೂನು ಮಾಡಿ ಪಾದರಸದ ಬಟನ್ ಸೆಲ್ ಮಾರಾಟ ನಿಲ್ಲಿಸಿತು. ಯುರೋಪ್ ಒಕ್ಕೂಟದಲ್ಲಿ 2000ದಿಂದ ನಿಷೇಧ. 2013ರಲ್ಲಿ ದೇಶಗಳೆಲ್ಲ ಸೇರಿ ಮಾಡಿಕೊಂಡ ಪಾದರಸದ ಒಪ್ಪಂದಕ್ಕೆ ಮಿನಮಾಟಾ ಹೆಸರನ್ನೇ ಇಟ್ಟರು. ಭಾರತ ಅದನ್ನು 2018ರಲ್ಲಿ ಅಂಗೀಕರಿಸಿತು.

ಇದರ ಬೆಲೆ ತೆತ್ತದ್ದು ಹಳೇ ಕ್ಯಾಮೆರಾಗಳು. ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಹಾಕುವ ಸೆಲ್ ಇಲ್ಲ. 1.5 ವೋಲ್ಟ್‌ನದು ಹಾಕಿದರೆ ಹಲವು ಮಾದರಿಗಳಲ್ಲಿ ಮೀಟರ್ ತಪ್ಪು ಹೇಳುತ್ತದೆ. ಈಗಲೂ ರೀಲ್ ಹಾಕುವವರು ಕಿವಿಯ ಮಿಷಿನ್ನಿಗೆ ಹಾಕುವ ಜಿಂಕ್-ಏರ್ ಸೆಲ್ ಹಾಕುತ್ತಾರೆ. ಅದು ಸುಮಾರು 1.4 ವೋಲ್ಟ್, ಹತ್ತಿರಕ್ಕೆ ಬರುತ್ತದೆ. ಕೆ 1000ಕ್ಕೆ ಈ ರಗಳೆ ಇಲ್ಲ. ಅದರ ಎಲ್‌ಆರ್ 44 ಸೆಲ್ ಇವತ್ತಿಗೂ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ.

ಹಳದಿ ತಿರುಗುವ ಗಾಜು

ಇನ್ನೊಂದು ವಿಚಿತ್ರ ಕೇಳಿ. ಪೆಂಟಾಕ್ಸ್‌ನ ಹಳೇ ಟಾಕುಮಾರ್ 50 ಮಿಲಿಮೀಟರ್ ಎಫ್ 1.4ರಂಥ ಕೆಲವು ಲೆನ್ಸ್‌ಗಳ ಗಾಜಿಗೆ ಥೋರಿಯಂ ಬೆರೆಸುತ್ತಿದ್ದರು. ಕೇರಳದ ಕಡಲ ಮರಳಿನಲ್ಲಿ ಸಿಗುತ್ತದಲ್ಲ, ಅದೇ ವಿಕಿರಣ ಸೂಸುವ ಧಾತು. ಥೋರಿಯಂ ಸೇರಿದ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಬಣ್ಣ ಚದುರಿಸುವುದು ಕಡಿಮೆ. ಚಿತ್ರ ಚೊಕ್ಕಟವಾಗಿ ಬರುತ್ತದೆ.

ಅಮೆರಿಕದ ಅಣು ನಿಯಂತ್ರಣ ನಿಯಮ ಇದಕ್ಕೂ ಗೆರೆ ಎಳೆದಿತ್ತು. ಲೆನ್ಸ್ ತೂಕದಲ್ಲಿ ಶೇಕಡಾ 30ರವರೆಗೆ ಥೋರಿಯಂ ಇದ್ದರೆ ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಡ. ಆದರೆ ಕನ್ನಡಕಕ್ಕಾಗಲಿ, ಕಣ್ಣಿಗೆ ಒತ್ತಿ ನೋಡುವ ದುರ್ಬೀನಿನ ಗಾಜಿಗಾಗಲಿ ಈ ವಿನಾಯಿತಿ ಇಲ್ಲ. ಒಂದೇ ವಸ್ತು, ಕಣ್ಣಿನಿಂದ ದೂರವಿದ್ದರೆ ಒಂದು ನ್ಯಾಯ, ಹತ್ತಿರ ಬಂದರೆ ಇನ್ನೊಂದು.

ಇಂಥ ಲೆನ್ಸ್ ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಕೆಲವು ದಿನ ಬಿಸಿಲಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಮನೆಯಲ್ಲಿದ್ದರೆ ಹೆದರಬೇಕಿಲ್ಲ. ಗಾಜು ಒಡೆದು ಪುಡಿ ಮಾಡಬೇಡಿ, ಮಕ್ಕಳಿಗೆ ಭೂತಗನ್ನಡಿ ಅಂತ ಆಡಲು ಕೊಡಬೇಡಿ.

ರೀಲ್ ಕ್ಯಾಮೆರಾಗೆ 'ಡಿಜಿಟಲ್' ಹೆಸರು

1976ರಲ್ಲಿ ಬಂದ ಕ್ಯಾನನ್ ಎಇ-1 ಒಳಗೆ ಮೈಕ್ರೊಪ್ರೊಸೆಸರ್ ಇತ್ತು, ಎಸ್‌ಎಲ್‌ಆರ್‌ಗಳಲ್ಲಿ ಮೊದಲ ಬಾರಿಗೆ. 1985ರ ಮಿನೋಲ್ಟಾ 7000 ತಾನೇ ಫೋಕಸ್ ಮಾಡತೊಡಗಿತು. ಸ್ಪ್ರಿಂಗು, ಹಲ್ಲುಚಕ್ರದ ಜಾಗಕ್ಕೆ ಮೋಟಾರು, ಚಿಪ್ ಬಂದವು.

ಚಿಪ್ ಓಡುವಾಗ ಸಣ್ಣ ರೇಡಿಯೋ ಗದ್ದಲ ಹೊಮ್ಮುತ್ತದೆ. ಹಿಂದೆ ಮನೆಯಲ್ಲಿ ಮಿಕ್ಸಿ ಹಾಕಿದರೆ ಟಿವಿ ಮೇಲೆ ಗೆರೆ ಬರುತ್ತಿತ್ತಲ್ಲ, ಆ ಜಾತಿಯ ತೊಂದರೆ. ಮನೆ ಕಂಪ್ಯೂಟರ್, ವಿಡಿಯೋ ಆಟದ ಪೆಟ್ಟಿಗೆಗಳಿಂದ ಟಿವಿ ಕೆಡುತ್ತಿದೆ ಎಂದು ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 1979ರಲ್ಲಿ ಮಿತಿ ಹಾಕಿತು. ಮನೆಬಳಕೆಯ ಉಪಕರಣಕ್ಕೆ 'ಬಿ' ದರ್ಜೆಯ ಮಿತಿ, ಅದೇ ಬಿಗಿಯಾದದ್ದು. ಕೆನಡಾದಲ್ಲೂ ಇಂಥದ್ದೇ ನಿಯಮ. ಹಾಗಾಗಿ ಕ್ಯಾನನ್ ಇಒಎಸ್ ಸಾಲಿನ ಫಿಲ್ಮ್ ಕ್ಯಾಮೆರಾಗಳ ಕೈಪಿಡಿಯಲ್ಲಿ 'ಈ ಡಿಜಿಟಲ್ ಉಪಕರಣ ಬಿ ದರ್ಜೆಯ ಮಿತಿ ಮೀರುವುದಿಲ್ಲ' ಎಂಬರ್ಥದ ಸಾಲು ಕಾಣುತ್ತದೆ. ಫೋಟೋ ಕೂರುವುದು ರೀಲ್ ಮೇಲೆ, ಕಾನೂನಿನ ಕಣ್ಣಿಗೆ ಮಾತ್ರ ಅದು ಡಿಜಿಟಲ್!

ಯುರೋಪಿನಲ್ಲಿ 1996ರಿಂದ ಇಂಥ ಎಲೆಕ್ಟ್ರಾನಿಕ್ ಸಾಮಾನಿಗೆ ರೇಡಿಯೋ ಗದ್ದಲದ ಪರೀಕ್ಷೆಯ ಜೊತೆ 'ಸಿಇ' ಮುದ್ರೆ ಕಡ್ಡಾಯವಾಯಿತು. 2005ರ ಆಗಸ್ಟ್‌ನಿಂದ ಹೊಸ ಸಾಮಾನಿನ ಮೇಲೆ ಅಡ್ಡಗೆರೆ ಹೊಡೆದ ಕಸದ ಡಬ್ಬಿಯ ಚಿತ್ರವೂ ಬಂತು. ಇದನ್ನು ಮನೆ ಕಸದ ಜೊತೆ ಎಸೆಯಬೇಡಿ ಎಂದು ಅದರ ಅರ್ಥ. ನಮ್ಮಲ್ಲಿ ಇ-ತ್ಯಾಜ್ಯದ ನಿಯಮ ಜಾರಿಗೆ ಬಂದದ್ದು 2012ರ ಮೇ ತಿಂಗಳಿನಿಂದ.

ಮುದ್ರೆ ಒತ್ತಿದವರು ಯಾರು?

ಚಿನ್ನದ ಸ್ಟಿಕ್ಕರಿಗೂ ಸಿಇ ಮುದ್ರೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮೊದಲನೆಯದು ಹೊರಗಿನ ತಪಾಸಕ ನೋಡಿ ಅಂಟಿಸಿದ್ದು. ಎರಡನೆಯದನ್ನು ಹೆಚ್ಚಿನ ಸಾಮಾನುಗಳ ಮೇಲೆ ತಯಾರಿಸಿದ ಕಂಪನಿಯೇ, ತಾನು ನಿಯಮ ಪಾಲಿಸಿದ್ದೇನೆ ಎಂದು ಹೇಳಿ ಹಾಕಿಕೊಳ್ಳುತ್ತದೆ. ಸುಳ್ಳು ಹೇಳಿದರೆ ಶಿಕ್ಷೆ ಇದೆ, ಆದರೆ ಹಿಡಿಯುವವರು ಇರಬೇಕು.

ನಮ್ಮ ದೇಶದಲ್ಲೂ ಎರಡೂ ಬಗೆ ಇವೆ. ಭಾರತ 1963ರಲ್ಲೇ ರಫ್ತು ತಪಾಸಣೆಯ ಕಾನೂನು ಮಾಡಿತು. ಕರಾವಳಿಯಿಂದ ಹೊರದೇಶಕ್ಕೆ ಹೋಗುವ ಮೀನು, ಸಿಗಡಿ ಇವತ್ತಿಗೂ ಆ ವ್ಯವಸ್ಥೆಯ ಕೆಳಗೆ ಬರುತ್ತವೆ. ಗ್ಯಾಸ್ ಸಿಲಿಂಡರ್ ಮೇಲಿನ ಐಎಸ್‌ಐ ಗುರುತಿಗೆ ಕಾರ್ಖಾನೆಯ ತಪಾಸಣೆ ನಡೆಯುತ್ತದೆ. ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್‌ಗಳದ್ದು ಬೇರೆ ದಾರಿ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಕೊಟ್ಟು, ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಾಯಿಸಿ, 'ಆರ್' ಅಕ್ಷರದಿಂದ ಶುರುವಾಗುವ ನಂಬರನ್ನು ಸಾಮಾನಿನ ಮೇಲೆ ಹಾಕಬೇಕು.

ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವ ಚಾರ್ಜರ್ ಮೇಲೂ ಇಂಥ ಗುರುತು ಅಚ್ಚಾಗಿರಬಹುದು. ಅಚ್ಚು ಹಾಕುವುದು ಕಷ್ಟದ ಕೆಲಸವಲ್ಲ. ಆದ್ದರಿಂದ ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಯಾವ ಕಂಪನಿ, ಯಾವ ಸಾಮಾನು ಎಂದು ತೋರಿಸುತ್ತದೆ. ಹೆಸರು ತಾಳೆಯಾಗದಿದ್ದರೆ ಆ ಚಾರ್ಜರನ್ನು ರಾತ್ರಿಯಿಡೀ ಹಾಸಿಗೆ ಪಕ್ಕ ಹಾಕಿಡಬೇಡಿ. ದೂರು ಕೊಡುವ ಜಾಗವೂ ಅದೇ ಆ್ಯಪ್‌ನಲ್ಲಿದೆ.

ಜಪಾನಿನ ಸ್ಟಿಕ್ಕರ್ ಅಂಗುಲದಷ್ಟೂ ದೊಡ್ಡದಿರಲಿಲ್ಲ. ಅದಕ್ಕೆ ಬೆಲೆ ಬಂದದ್ದು ಬಣ್ಣದಿಂದಲ್ಲ, ಅದರ ಹಿಂದೆ ಒಬ್ಬ ಮನುಷ್ಯ ಮಾಲು ಎತ್ತಿ ನಿಜಕ್ಕೂ ಪರೀಕ್ಷೆ ಮಾಡುತ್ತಿದ್ದುದರಿಂದ. ಪರೀಕ್ಷೆ ಇಲ್ಲದ ಮುದ್ರೆ ಬರೀ ಶಾಯಿ.