ಖರ್ಜೂರದ ಕಿರುಪತಂಗ

ಖರ್ಜೂರದ ಎಳೆಗಾಯಿಗಳನ್ನು ಕೊರೆದು ತಿನ್ನುವ ಮರಿಹುಳುಗಳ ಮೂಲಕ ಪಶ್ಚಿಮ ಏಷ್ಯ ಹಾಗೂ ಉತ್ತರ ಆಫ್ರಿಕದ ತೋಟಗಳಿಗೆ ಪೀಡೆಯಾಗಿ ಪರಿಣಮಿಸಿರುವ ಪತಂಗ. ಶಾಸ್ತ್ರೀಯ ನಾಮ ಬ್ಯಾಟ್ರಾಕೆಡ್ರ ಅಮಿಡ್ರೌಲ, ಕುಟುಂಬ ಬ್ಯಾಟ್ರಾಕೆಡ್ರಿಡೇ. ರೆಕ್ಕೆಗಳನ್ನು ಹರಡಿದಾಗಲೂ ಒಂದೂವರೆ ಸೆಂಟಿಮೀಟರನ್ನು ಮೀರದ ಈ ಧೂಸರವರ್ಣದ ಕೀಟವನ್ನು ಇರಾಕಿನ ತೋಟಗಾರರು, ಅದು ಹೊಕ್ಕ ಕಾಯಿ ಕೆಂಪೇರಿ ಒಣಗುವುದರಿಂದ, ಹುಮೈರಾ ಎಂದು ಕರೆಯುವರು.

ಇದನ್ನು 1916ರಲ್ಲಿ ವರ್ಣಿಸಿ ನಾಮಕರಣ ಮಾಡಿದವನು ಎಡ್ವರ್ಡ್ ಮೇರಿಕ್. ಇಂಗ್ಲೆಂಡಿನ ಮಾರ್ಲ್‌ಬರೋ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ಈತ ದೂರದೇಶಗಳಿಂದ ಬಂದ ಕಿರುಪತಂಗಗಳನ್ನು ಪರೀಕ್ಷಿಸಿ ಸಹಸ್ರಾರು ಪ್ರಭೇದಗಳನ್ನು ಗುರುತಿಸಿದ ವಿದ್ವಾಂಸ. ನಾಮಕರಣವಾದುದು ಮಹಾಯುದ್ಧದ ನಡುವೆ; ಆ ಯುದ್ಧದ ನಿಮಿತ್ತವಾಗಿಯೇ ಮೆಸಪೊಟೇಮಿಯಕ್ಕೆ ಹೋಗಿದ್ದ ಸೇನಾವೈದ್ಯ ಪ್ಯಾಟ್ರಿಕ್ ಬಕ್ಸ್‌ಟನ್ 1920ರಲ್ಲಿ ಅಲ್ಲಿಯ ಖರ್ಜೂರದ ಕೀಟಗಳನ್ನು ಕುರಿತು ವಿಸ್ತೃತ ಪ್ರಬಂಧವನ್ನು ಪ್ರಕಟಿಸಿದುದರಿಂದ, ಈ ಬೆಳೆಯ ಪೀಡೆಗಳ ವ್ಯವಸ್ಥಿತ ಅಧ್ಯಯನಕ್ಕೆ ಬುನಾದಿ ಬಿದ್ದಿತು.

ವಸಂತದಲ್ಲಿ ಹೊರಬೀಳುವ ಹೆಣ್ಣುಪತಂಗವು ಗೊನೆಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ತೊಟ್ಟಿನ ಬಳಿ ರಂಧ್ರ ಕೊರೆದು ಒಳಹೊಕ್ಕು, ತಿರುಳನ್ನೂ ಇನ್ನೂ ಬಲಿಯದ ಬೀಜವನ್ನೂ ತಿಂದು, ಒಂದು ಕಾಯಿಯಿಂದ ಮತ್ತೊಂದಕ್ಕೆ ಸಾಗುತ್ತದೆ. ಕಾಯಿಯನ್ನು ಕಡ್ಡಿಗೆ ತನ್ನ ನೂಲಿನಿಂದ ಬಿಗಿಯುವುದರಿಂದ ಬಾಡಿದ ಕಾಯಿಗಳಲ್ಲಿ ಹಲವು ಉದುರದೆ ಗೊನೆಯಲ್ಲೇ ತೂಗಾಡುವುವು. ವರ್ಷಕ್ಕೆ ಸಾಮಾನ್ಯವಾಗಿ ಮೂರು ಪೀಳಿಗೆಗಳು. ಕೊನೆಯ ಪೀಳಿಗೆಯ ಹುಳುಗಳು ಗರಿಬುಡಗಳ ಸಂದುಗಳಲ್ಲಿ ಬಿಳಿಯ ಗೂಡನ್ನು ನೇಯ್ದು, ಅದರೊಳಗೆ ಚಳಿಗಾಲವನ್ನು ಕಳೆಯುವುವು.

ಹುಳು ಕಾಯಿಯೊಳಗೆ ಸುರಕ್ಷಿತವಾಗಿರುವುದೇ ಇದರ ನಿವಾರಣೆಯ ಮುಖ್ಯ ತೊಡಕು. ಒಣಗರಿಗಳನ್ನು ಸವರಿ ಗೂಡುಗಳನ್ನು ನಾಶಮಾಡುವುದು, ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದಾಚೆಗೆ ಸಾಗಿಸುವುದು ಸರಳವಾದ ಉಪಾಯಗಳು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೆಲಥಿಯಾನ್ ಮೊದಲಾದ ರಾಸಾಯನಿಕಗಳು ಬಳಕೆಗೆ ಬಂದುವಾದರೂ, ಅವು ಪೀಡೆಯ ಸಹಜಶತ್ರುಗಳನ್ನೂ ಕೊಲ್ಲುವುವಾದುದರಿಂದ, ಪತಂಗದ ಹುಳುಗಳನ್ನು ವಿಶೇಷವಾಗಿ ಬಾಧಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯ ಕಡೆಗೆ ಗಮನ ಹರಿಯಿತು. 2011ರಲ್ಲಿ ಇಸ್ರೇಲಿನ ಸಂಶೋಧಕರು ಹೆಣ್ಣುಪತಂಗವು ಗಂಡನ್ನು ಸೆಳೆಯಲು ಸೂಸುವ ಗಂಧದ್ರವ್ಯವನ್ನು ಗುರುತಿಸಿದ ತರುವಾಯ, ಅದನ್ನಿಟ್ಟ ಬೋನುಗಳಲ್ಲಿ ಬೀಳುವ ಗಂಡುಪತಂಗಗಳನ್ನು ಎಣಿಸಿ, ಹುಳು ಕಾಯಿಯನ್ನು ಹೊಗುವ ಮುನ್ನವೇ ಔಷಧ ಸಿಂಪಡಿಸುವ ದಿನವನ್ನು ನಿರ್ಣಯಿಸುವುದು ಸಾಧ್ಯವಾಯಿತು.